ಆ ಒಂದು ಮಾತು ಕೇಳಿಸಲಿಲ್ಲ

ನಿನ್ನೆ ರಾತ್ರಿ ಚಿತ್ರಮಂದಿರದಿಂದ ಮರಳಿದ ಮೇಲೆ ಬಹಳ ಹೊತ್ತು ನಿದ್ರೆ ಹತ್ತಲಿಲ್ಲ. ಚಿತ್ರ ಕೆಟ್ಟದಾಗಿತ್ತು ಎಂಬ ಕಾರಣಕ್ಕಲ್ಲ. ಕೆಟ್ಟ ಚಿತ್ರವನ್ನು ನೋಡಿ ಮರೆಯುವ ಅಭ್ಯಾಸ ನನಗಿದೆ. ಒಳ್ಳೆಯದಾಗಬಹುದಾಗಿದ್ದ ಒಂದು ಚಿತ್ರವನ್ನು ಅದನ್ನು ಮಾಡಿದವರೇ ನನ್ನ ಕಣ್ಣೆದುರಿಗೆ ಕೆಡಿಸಿದರಲ್ಲ ಎಂಬ ಸಂಕಟ ಎಚ್ಚರವಾಗಿಯೇ ಉಳಿಸಿತು. ಹನ್ನೆರಡು ವರ್ಷಗಳ ಹಿಂದೆ ಮನೆ ಬಿಟ್ಟು ಹೋಗಿದ್ದ ತಂದೆ ಮರಳಿ ಬಂದು ಬಾಗಿಲು ತಟ್ಟುತ್ತಾನೆ. ಮಗಳು ಬಾಗಿಲು ತೆರೆದು ನಿಲ್ಲುತ್ತಾಳೆ. ಆ ನಟಿಯ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಗುರುತು, ಅದರ ಬೆನ್ನಿಗೇ ಕೋಪ ಮೂಡಿ ಬಂದದ್ದನ್ನು ನಾನು ಉಸಿರು ಹಿಡಿದು ನೋಡುತ್ತಿದ್ದೆ. ಅವಳು ತುಟಿ ತೆರೆದು ಒಂದೇ ಒಂದು ಮಾತು ಹೇಳುತ್ತಾಳೆ. ಇಡೀ ಚಿತ್ರ ಎರಡು ಗಂಟೆ ಕಾಲ ಕಾದದ್ದು ಆ ಒಂದು ಮಾತಿಗಾಗಿಯೇ. ಆ ಮಾತು ನನಗೆ ಕೇಳಿಸಲಿಲ್ಲ. ಅವಳು ಬಾಗಿಲಿನ ಚಿಲಕ ತೆಗೆಯುವ ಮೊದಲೇ ಪಿಟೀಲುಗಳ ಒಂದು ದಂಡೇ ಏರತೊಡಗಿತ್ತು, ಅವಳು ಬಾಯಿ ತೆರೆಯುವ ಹೊತ್ತಿಗೆ ಅದಕ್ಕೆ ತಾಳವಾದ್ಯಗಳೂ ಒಂದು ಹೆಣ್ಣುಕಂಠದ ಆಲಾಪವೂ ಸೇರಿ ಕುರ್ಚಿಯ ಕೈಗಳು ನಡುಗುತ್ತಿದ್ದವು.

ಪಕ್ಕದಲ್ಲಿ ಅಮ್ಮ ಕುಳಿತಿದ್ದರು. ನಿಮ್ಮಲ್ಲಿ ಹಲವರಿಗೆ ತಿಳಿದಿರುವಂತೆ ಅವರಿಗೆ ನಾಲ್ಕು ವರ್ಷಗಳಿಂದ ಎರಡೂ ಕಿವಿಗಳಿಗೆ ಶ್ರವಣಯಂತ್ರವಿದೆ, ಆದರೆ ಸಿನಿಮಾದ ಆಸೆ ಒಂದು ಎಳೆಯಷ್ಟೂ ಕುಂದಿಲ್ಲ. ಅವರು ನನ್ನ ತೋಳು ಹಿಡಿದು, "ಏನಂದಳೋ ಅವಳು?" ಎಂದು ಕೇಳಿದರು. "ನನಗೂ ಕೇಳಿಸಲಿಲ್ಲಮ್ಮ" ಎಂದೆ. ಅವರು ನನ್ನನ್ನು ನಂಬಲಿಲ್ಲ. ತಮ್ಮ ಕಿವಿಯ ಬಗ್ಗೆ ನೊಂದುಕೊಳ್ಳಬಾರದೆಂದು ಮಗ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡರು. ಮನೆ ತಲುಪುವವರೆಗೂ ಅವರು ಮಾತನಾಡಲಿಲ್ಲ. ಈ ಬರಹ ಹುಟ್ಟಿದ್ದು ಆ ಮೌನದಲ್ಲಿ.

ನಾನು ವಿಮರ್ಶಕನಲ್ಲ. ದಿನವಿಡೀ ಲೆಕ್ಕಪತ್ರಗಳ ಮುಂದೆ ಕೂರುವವನು, ತಿಂಗಳಿಗೆ ಎರಡೋ ಮೂರೋ ಚಿತ್ರ ನೋಡುವವನು, ಕ್ಯಾಮೆರಾ ಕೋನಗಳ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ. ಆದರೆ ಕಳೆದ ಒಂದೂವರೆ ತಿಂಗಳಲ್ಲಿ ಐದು ಚಿತ್ರಗಳನ್ನು ನೋಡಿದ್ದೇನೆ, ಅವುಗಳಲ್ಲಿ ನಾಲ್ಕು ಒಂದೇ ಕಾಯಿಲೆಯಿಂದ ನರಳುತ್ತಿದ್ದವು. ಒಂದು ಕೌಟುಂಬಿಕ ಕಥೆ, ಒಂದು ಕೊಲೆಯ ತನಿಖೆ, ಒಂದು ಪ್ರೇಮಕಥೆ, ಒಂದು ಹೊಡೆದಾಟದ ಚಿತ್ರ. ಭಾಷೆ ಬೇರೆ, ನಟರು ಬೇರೆ, ಬಜೆಟ್ಟೂ ಬೇರೆ. ಆದರೂ ನಾಲ್ಕರಲ್ಲಿಯೂ ಹಿನ್ನೆಲೆ ಸಂಗೀತವು ಹಿನ್ನೆಲೆಯಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ. ತನಿಖೆಯ ಚಿತ್ರದಲ್ಲಿ ಒಬ್ಬ ಅಧಿಕಾರಿ ಕಡತವೊಂದನ್ನು ತೆರೆದರೆ ಎದೆಗೆ ಗುದ್ದುವಂಥ ಢಮ್ ಸದ್ದು, ಅದನ್ನು ಮುಚ್ಚಿದರೆ ಮತ್ತೊಂದು. ಪ್ರೇಮಕಥೆಯಲ್ಲಿ ಹುಡುಗ ಹುಡುಗಿ ಮೊದಲ ಬಾರಿಗೆ ಮುಜುಗರದಿಂದ ಸುಮ್ಮನೆ ಕುಳಿತ ಗಳಿಗೆಯೊಂದಿತ್ತು. ಇಬ್ಬರಿಗೂ ಮಾತು ಸಿಗದ ಆ ಗಳಿಗೆಯಲ್ಲಿ ಕೊಳಲು, ಗಿಟಾರು, ಗಂಟೆಗಳು ಸೇರಿ ಅವರ ಪರವಾಗಿ ಎಲ್ಲವನ್ನೂ ಹೇಳಿ ಮುಗಿಸಿದವು. ಮುಜುಗರಪಡಲು ಆ ಮಕ್ಕಳಿಗೆ ಅವಕಾಶವೇ ಸಿಗಲಿಲ್ಲ.

ನನ್ನ ದೂರು ಬರೀ ಸದ್ದು ಹೆಚ್ಚಾಯಿತು ಎಂದಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಹೊಡೆದಾಟದ ಚಿತ್ರದಲ್ಲಿ ಸದ್ದಿರಲಿ, ಅದಕ್ಕೆಂದೇ ಹೋಗುತ್ತೇವೆ. ನನ್ನ ದೂರಿರುವುದು ಬಿಡುವಿಲ್ಲದ ಸದ್ದಿನ ಬಗ್ಗೆ, ನನಗೆ ಏನು ಅನ್ನಿಸಬೇಕೆಂದು ನನಗಿಂತ ಮೊದಲೇ ನಿರ್ಧರಿಸಿಬಿಡುವ ಸದ್ದಿನ ಬಗ್ಗೆ. ನಟಿ ಅಳುವ ಮೊದಲೇ ಸಂಗೀತ ಅಳುತ್ತದೆ. ನಾಯಕ ತಿರುಗಿ ನೋಡುವ ಮೊದಲೇ ಅವನು ಮಹಾನುಭಾವನೆಂದು ತಮಟೆಗಳು ಸಾರುತ್ತವೆ. ಪ್ರೇಕ್ಷಕನೊಬ್ಬ ಕತ್ತಲಲ್ಲಿ ಕುಳಿತು ಒಂದು ಮುಖವನ್ನು ನೋಡಿ, ಅದರೊಳಗೆ ಏನು ನಡೆಯುತ್ತಿದೆ ಎಂದು ತಾನೇ ಊಹಿಸುವ ಸುಖವಿದೆಯಲ್ಲ, ಅದನ್ನೇ ನನ್ನಿಂದ ಕಿತ್ತುಕೊಳ್ಳುತ್ತಿದ್ದಾರೆ.

ಧ್ವನಿ ಮಿಕ್ಸಿಂಗ್, ಅಂದರೆ ಚಿತ್ರದ ಮಾತು, ಸಂಗೀತ, ಇತರ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸದಲ್ಲಿರುವ ಗೆಳೆಯನೊಬ್ಬನಿಗೆ ಇಂದು ಬೆಳಿಗ್ಗೆಯೇ ಫೋನ್ ಮಾಡಿ ಜಗಳಕ್ಕೆ ನಿಂತೆ. ಅವನು ತಾಳ್ಮೆಯಿಂದ ವಿವರಿಸಿದ. ಚಿತ್ರಮಂದಿರದಲ್ಲಿ ಪರದೆಯ ಹಿಂದಿರುವ ಒಂದೊಂದು ಸ್ಪೀಕರಿಗೂ ಪರೀಕ್ಷೆಯ ಶಬ್ದವೊಂದನ್ನು ಹಾಕಿ, ಪ್ರೇಕ್ಷಕರು ಕೂರುವ ಜಾಗದಲ್ಲಿ ಅದು 85 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಬರುವಂತೆ ಹೊಂದಿಸಬೇಕು, ಅದೇ ಮಟ್ಟವನ್ನು ಧ್ವನಿಯಂತ್ರದ ಫೇಡರಿನಲ್ಲಿ, ಅಂದರೆ ಸದ್ದನ್ನು ಏರಿಸಿ ಇಳಿಸುವ ನಿಯಂತ್ರಕದಲ್ಲಿ, 7 ಎಂದು ಗುರುತಿಸುತ್ತಾರೆ. ಮಿಕ್ಸಿಂಗ್ ಕೋಣೆಯಲ್ಲಿಯೂ 7, ಚಿತ್ರಮಂದಿರದಲ್ಲಿಯೂ 7 ಇದ್ದರೆ ಮಾಡಿದವರು ಕೇಳಿದ್ದನ್ನೇ ನೋಡುವವರೂ ಕೇಳುತ್ತಾರೆ ಎಂಬುದು ವ್ಯವಸ್ಥೆ. ಆದರೆ ಚಿತ್ರ ಮೊದಲಿಂದ ಕೊನೆಯವರೆಗೆ ಅಬ್ಬರಿಸಿದಾಗ ಪ್ರೇಕ್ಷಕರು ಕಿವಿ ಮುಚ್ಚಿಕೊಂಡು ಹೊರಬಂದು ದೂರು ಕೊಡುತ್ತಾರೆ, ಚಿತ್ರಮಂದಿರದವರು ಫೇಡರನ್ನು 5ಕ್ಕೆ ಇಳಿಸುತ್ತಾರೆ. ಅಲ್ಲಿಗೆ ಆರೂವರೆ ಡೆಸಿಬೆಲ್‌ಗಿಂತ ಸ್ವಲ್ಪ ಹೆಚ್ಚೇ ಕಡಿಮೆಯಾಯಿತು. ಸಂಗೀತದೊಂದಿಗೆ ಮಾತೂ ಅಷ್ಟೇ ಇಳಿಯಿತು. ಇದನ್ನರಿತ ಮುಂದಿನ ಚಿತ್ರದವರು ಹೇಗೂ ಇಳಿಸುತ್ತಾರೆಂದು ಮೊದಲೇ ಇನ್ನಷ್ಟು ಏರಿಸಿ ಕೊಡುತ್ತಾರೆ. ಅಮೆರಿಕದಲ್ಲಿ ಟ್ರೇಲರ್‌ಗಳ ಅಬ್ಬರಕ್ಕೆ ಆ ಉದ್ಯಮದವರೇ ಮಿತಿಯೊಂದನ್ನು ಹಾಕಿಕೊಂಡಿದ್ದಾರಂತೆ. ಪೂರ್ಣ ಚಿತ್ರಕ್ಕೆ ಅಂಥ ಮಿತಿ ಇಲ್ಲ.

ಅವನು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ನಿರ್ದೇಶಕನಿಗೆ ಸಂಭಾಷಣೆ ಬಾಯಿಪಾಠವಾಗಿರುತ್ತದೆ. ಅವನೇ ಬರೆದದ್ದು ಅಥವಾ ಬರೆಸಿದ್ದು, ಚಿತ್ರೀಕರಣದಲ್ಲಿ ಹತ್ತು ಸಲ ಕೇಳಿದ್ದು, ಡಬ್ಬಿಂಗ್‌ನಲ್ಲಿ ಇನ್ನಿಪ್ಪತ್ತು ಸಲ ತಿದ್ದಿಸಿದ್ದು. ಮಿಕ್ಸಿಂಗ್ ಕೋಣೆಯಲ್ಲಿ ಆ ಮಾತು ಪಿಟೀಲಿನ ಕೆಳಗೆ ಮುಳುಗಿಹೋದರೂ ಅವನಿಗೆ ಅದು ಕೇಳಿಸುತ್ತದೆ, ಏಕೆಂದರೆ ಅದು ಅವನ ತಲೆಯೊಳಗೇ ಇದೆ. ಮುಳುಗಿದ್ದು ತಿಳಿಯುವುದು ಮೊದಲ ಬಾರಿ ಕೇಳುವವನಿಗೆ ಮಾತ್ರ, ಆದರೆ ಆ ಕೋಣೆಯಲ್ಲಿ ಮೊದಲ ಬಾರಿ ಕೇಳುವವನು ಒಬ್ಬನೂ ಇರುವುದಿಲ್ಲ. ನನ್ನ ಅಮ್ಮನಂಥವರನ್ನು ಒಂದು ಮಧ್ಯಾಹ್ನ ಅಲ್ಲಿ ಕೂರಿಸಿಕೊಂಡಿದ್ದರೆ ಸಾಕಿತ್ತು.

ಅದಕ್ಕೂ ಮೊದಲೇ ಇನ್ನೊಂದು ತಪ್ಪು ನಡೆದಿರುತ್ತದೆ. ಸಂಕಲನದ ಹೊತ್ತಿನಲ್ಲಿ ಹೊಸ ಸಂಗೀತ ಸಿದ್ಧವಾಗಿರುವುದಿಲ್ಲವಾದ್ದರಿಂದ ಬೇರೆಲ್ಲಿಂದಲೋ ತಂದ ಸಂಗೀತವನ್ನು ತಾತ್ಕಾಲಿಕವಾಗಿ ದೃಶ್ಯಗಳ ಕೆಳಗೆ ಹಾಸಿರುತ್ತಾರೆ. ತಿಂಗಳುಗಟ್ಟಲೆ ದಿನವೂ ಅದನ್ನು ಕೇಳಿದ ಮೇಲೆ ಅದನ್ನು ತೆಗೆದ ಜಾಗ ಅವರಿಗೆ ಖಾಲಿ ಎನ್ನಿಸುತ್ತದೆ. ನಮಗೆ ಅದು ಖಾಲಿಯಾಗಿರುತ್ತಿರಲಿಲ್ಲ. ಅಲ್ಲಿ ಒಬ್ಬ ಮನುಷ್ಯ ಉಸಿರಾಡುತ್ತಿರುತ್ತಾನೆ, ಗಾಳಿಗೆ ಕಿಟಕಿ ಬಡಿದುಕೊಳ್ಳುತ್ತಿರುತ್ತದೆ, ಅಷ್ಟು ಸಾಕಾಗಿರುತ್ತಿತ್ತು.

ಅಮ್ಮನ ಕಿವಿಯ ವಿಷಯ ಹೇಳಿದೆನಲ್ಲ, ಅದರ ಬಗ್ಗೆ ಇನ್ನೆರಡು ಮಾತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ಥಾಯಿಯ ಸದ್ದುಗಳನ್ನು. ಮಾತಿನಲ್ಲಿ ಸ್ವರಗಳು ತಗ್ಗಿನ ಸ್ಥಾಯಿಯವು, ಬಲವುಳ್ಳವು. ಸ, ಶ, ತ, ಕ ಇಂಥ ವ್ಯಂಜನಗಳು ಎತ್ತರದವು, ಕ್ಷೀಣವಾದವು. ಆದರೆ ಮಾತಿನ ಅರ್ಥವನ್ನು ಹೆಚ್ಚಾಗಿ ಹೊರುವುದು ವ್ಯಂಜನಗಳೇ. ಸರಿ ಎಂದಳೋ, ಕರಿ ಎಂದಳೋ, ತರಿ ಎಂದಳೋ ಎಂಬುದು ಆ ಒಂದು ಕ್ಷೀಣ ಸದ್ದಿನಲ್ಲಿ ತೀರ್ಮಾನವಾಗುತ್ತದೆ. ತಗ್ಗಿನ ಸ್ಥಾಯಿಯ ದೊಡ್ಡ ಸದ್ದು ತನಗಿಂತ ಎತ್ತರದ ಸಣ್ಣ ಸದ್ದುಗಳನ್ನು ಸುಲಭವಾಗಿ ಮುಚ್ಚಿಹಾಕುತ್ತದೆ, ಇದು ಚೆನ್ನಾಗಿರುವ ಕಿವಿಗೂ ಸತ್ಯ. ಹಾಗಾಗಿ ತಗ್ಗಿನ ಸದ್ದಿಗೆಂದೇ ಇರುವ ಸಬ್‌ವೂಫರ್ ಸ್ಪೀಕರಿನಿಂದ ಒಂದೇ ಸಮನೆ ಬರುವ ಆ ಗುಡುಗು ಮೊದಲು ನುಂಗುವುದು ವ್ಯಂಜನಗಳನ್ನೇ. ಮಾತು ನಡೆಯುತ್ತಿದೆ ಎಂಬುದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಅಮ್ಮ ಇದನ್ನು ತಮ್ಮ ಕಿವಿಯ ದೋಷವೆಂದು ನಂಬಿದ್ದಾರೆ. ಅವರ ಕಿವಿಗಿಂತ ದೊಡ್ಡ ದೋಷ ಆ ಚಿತ್ರದಲ್ಲಿದೆ ಎಂದು ನಾನು ಎಷ್ಟು ಹೇಳಿದರೂ ಅವರು ಒಪ್ಪುತ್ತಿಲ್ಲ, ನನಗೆ ಹೆಚ್ಚು ಸಿಟ್ಟು ಬರುವುದು ಇದಕ್ಕೇ.

ಸಂಗೀತವೇ ಬೇಡ ಎನ್ನುತ್ತೀಯಾ ಎಂದು ನೀವು ಕೇಳುತ್ತೀರಿ, ಗೆಳೆಯನೂ ಅದನ್ನೇ ಕೇಳಿದ. 1960ರ 'ಸೈಕೋ' ಚಿತ್ರದಲ್ಲಿ ಹೆಣ್ಣೊಬ್ಬಳ ಕೊಲೆಯಾಗುವ ಸ್ನಾನಗೃಹದ ದೃಶ್ಯವನ್ನು ಅವನು ನನ್ನ ಮುಂದಿಟ್ಟ. ಆ ದೃಶ್ಯಕ್ಕೆ ಸಂಗೀತವೇ ಬೇಡವೆಂದು ನಿರ್ದೇಶಕ ಹಿಚ್‌ಕಾಕ್ ಮೊದಲು ತೀರ್ಮಾನಿಸಿದ್ದರು, ಸಂಗೀತಗಾರ ಬರ್ನಾರ್ಡ್ ಹರ್ಮನ್ ಆ ಚೀರುವ ಪಿಟೀಲುಗಳನ್ನು ಬರೆದು ತಂದು ಕೇಳಿಸಿದ ಮೇಲೆ ಒಪ್ಪಿಕೊಂಡರು. ಆ ಪಿಟೀಲಿಲ್ಲದೆ ಆ ದೃಶ್ಯವನ್ನು ಇಂದು ಕಲ್ಪಿಸಿಕೊಳ್ಳುವುದೂ ಕಷ್ಟ, ಒಪ್ಪುತ್ತೇನೆ. ಆದರೆ ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಕೊಲೆಗಾರನ ಕೈಯಲ್ಲಿ ಸ್ನಾನದ ಪರದೆ ಸರಿಯುವವರೆಗೂ ಅಲ್ಲಿ ಸಂಗೀತವಿಲ್ಲ. ಅವಳು ಕಾಗದ ಹರಿಯುವ ಸದ್ದು, ನೀರಿನ ಸದ್ದು, ಅಷ್ಟೇ. ನಾವು ಆ ಸದ್ದಿಗೆ ಒಗ್ಗಿ, ಮೈಮರೆತು ಕುಳಿತಾಗ ಪಿಟೀಲು ಚೀರುತ್ತದೆ. ಅದಕ್ಕೂ ಮೊದಲಿನ ಐದು ನಿಮಿಷವೂ ಪಿಟೀಲು ಕೊಯ್ಯುತ್ತಲೇ ಇದ್ದಿದ್ದರೆ ಆ ಚೀರಾಟಕ್ಕೆ ಯಾರು ಬೆಚ್ಚುತ್ತಿದ್ದರು? ಮೂರೇ ವರ್ಷಗಳ ನಂತರ, 1963ರಲ್ಲಿ, ಅದೇ ಇಬ್ಬರೂ 'ದ ಬರ್ಡ್ಸ್' ಚಿತ್ರದಲ್ಲಿ ಸಾಂಪ್ರದಾಯಿಕ ಹಿನ್ನೆಲೆ ಸಂಗೀತವನ್ನೇ ಬಿಟ್ಟುಬಿಟ್ಟರು. ಹಕ್ಕಿಗಳ ರೆಕ್ಕೆ, ಕೂಗು, ವಿದ್ಯುನ್ಮಾನ ವಾದ್ಯದಿಂದ ಹುಟ್ಟಿಸಿದ ಸದ್ದುಗಳು, ಅವುಗಳ ನಡುವೆ ಹೆದರಿಸುವ ನಿಶ್ಶಬ್ದ. ಹರ್ಮನ್ ಅಲ್ಲಿ ಧ್ವನಿಯ ಸಲಹೆಗಾರರಾಗಿದ್ದರು. ಯಾವ ಚಿತ್ರಕ್ಕೆ ಪಿಟೀಲು ಬೇಕು, ಯಾವುದಕ್ಕೆ ಬೇಡ ಎಂದು ಒಬ್ಬ ಸಂಗೀತಗಾರನೇ ಬಲ್ಲವನಾಗಿದ್ದ. ನಾನು ಕೇಳುತ್ತಿರುವುದು ಆ ವಿವೇಕವನ್ನು.

2007ರ 'ನೋ ಕಂಟ್ರಿ ಫಾರ್ ಓಲ್ಡ್ ಮೆನ್' ಚಿತ್ರದ ಪೆಟ್ರೋಲ್ ಬಂಕಿನ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಟ್ಟಿಲ್ಲ. ಕೊಲೆಗಾರನೊಬ್ಬ ಅಂಗಡಿಯ ಮುದುಕನೊಂದಿಗೆ ಮಾತನಾಡುತ್ತಾ ನಾಣ್ಯವೊಂದನ್ನು ಚಿಮ್ಮುತ್ತಾನೆ. ತನ್ನ ಪ್ರಾಣ ಪಣಕ್ಕಿದೆ ಎಂದು ಮುದುಕನಿಗೆ ನಿಧಾನವಾಗಿ ಹೊಳೆಯುತ್ತದೆ. ಅಲ್ಲಿ ಕೇಳುವುದು ಮಾತು, ಕೌಂಟರಿನ ಮೇಲಿಟ್ಟ ಗೋಡಂಬಿಯ ಖಾಲಿ ಪೊಟ್ಟಣ ಬಿಚ್ಚಿಕೊಳ್ಳುವ ಸಣ್ಣ ಸದ್ದು, ಇಷ್ಟೇ ಎಂದು ನಾನು ಬಹುಕಾಲ ತಿಳಿದಿದ್ದೆ. ಆಮೇಲೆ ಓದಿ ತಿಳಿದದ್ದು: ಆ ಚಿತ್ರದ ಸಂಗೀತಗಾರ ಕಾರ್ಟರ್ ಬರ್ವೆಲ್ ಆ ದೃಶ್ಯದಲ್ಲಿ ಒಂದು ಮಂದ್ರ ಗುಂಯ್‌ಗುಡುವಿಕೆಯನ್ನು ಸೇರಿಸಿ, ಅದನ್ನು ರೆಫ್ರಿಜರೇಟರಿನ 60 ಹರ್ಟ್ಸ್ ಸದ್ದಿಗೆ ಶ್ರುತಿ ಮಾಡಿದ್ದರು. ಅದು ಸಂಗೀತವೆಂದು ಯಾರಿಗೂ ತಿಳಿಯದಂತೆ ಸಂಗೀತವಾಗಿತ್ತು. ನನ್ನ ಹೊಟ್ಟೆಯಲ್ಲಿ ಏಕೆ ಸಂಕಟವಾಗುತ್ತಿದೆ ಎಂದು ನನಗೇ ತಿಳಿಯಲಿಲ್ಲ. ಒಬ್ಬ ಕಲಾವಿದ ತನ್ನನ್ನು ಇಷ್ಟು ಮರೆಸಿಕೊಂಡು ದೃಶ್ಯಕ್ಕೆ ದುಡಿಯಬಹುದೆಂದಾದರೆ, ಕಡತ ತೆರೆದದ್ದಕ್ಕೆಲ್ಲ ಢಮ್ ಎನ್ನಿಸುವವರನ್ನು ನಾನು ಹೇಗೆ ಕ್ಷಮಿಸಲಿ?

"ಅದೆಲ್ಲ ಹೊರಗಿನವರ ಚಿತ್ರ, ನಮ್ಮ ಪ್ರೇಕ್ಷಕರು ಬೇರೆ, ನಿಶ್ಶಬ್ದವಾದರೆ ಮೊಬೈಲ್ ತೆಗೆಯುತ್ತಾರೆ" ಎಂಬುದು ಮುಂದಿನ ವಾದ. ನಮ್ಮ ಪ್ರೇಕ್ಷಕರ ಬಗ್ಗೆ ಹೀಗೆ ಹಗುರವಾಗಿ ಮಾತನಾಡುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. 1987ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ 'ಪುಷ್ಪಕ ವಿಮಾನ' ಮಾಡಿದರು. ಎರಡು ಗಂಟೆಗೂ ಮೀರಿದ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಅದನ್ನು ನೋಡಿ ನಕ್ಕವರು, ಅತ್ತವರು, ಇಂದಿಗೂ ಅದರ ಒಂದೊಂದು ದೃಶ್ಯವನ್ನು ಕೈಸನ್ನೆಯಲ್ಲಿ ಮಾಡಿ ತೋರಿಸುವವರು ನಮ್ಮ ಪ್ರೇಕ್ಷಕರೇ ತಾನೆ? ಮಾತಿಲ್ಲದ ಚಿತ್ರವನ್ನು ಅರ್ಥ ಮಾಡಿಕೊಂಡವರಿಗೆ, ಮಾತಿರುವ ಚಿತ್ರದಲ್ಲಿ ಅರ್ಧ ನಿಮಿಷದ ಮೌನವನ್ನು ತಾಳಿಕೊಳ್ಳಲು ಬರುವುದಿಲ್ಲವೆಂದು ಯಾರು ಹೇಳಿದರು? ಇನ್ನು ಮೊಬೈಲಿನ ಮಾತು. ನಿನ್ನೆ ಆ ಅಬ್ಬರದ ನಡುವೆಯೇ ನನ್ನ ಮುಂದಿನ ಸಾಲಿನಲ್ಲಿ ಮೂರು ಪರದೆಗಳು ಬೆಳಗುತ್ತಿದ್ದವು. ಏಕೆ ಬೆಳಗಬಾರದು? ಮುಖ್ಯವಾದದ್ದು ಬಂದಾಗ ಸಂಗೀತ ಕೂಗಿ ಕರೆಯುತ್ತದೆ, ಅಲ್ಲಿಯವರೆಗೆ ತಲೆ ತಗ್ಗಿಸಿಕೊಂಡಿರಬಹುದು ಎಂದು ಅವರಿಗೆ ಚಿತ್ರಗಳೇ ಕಲಿಸಿವೆ.

ತಂತ್ರಜ್ಞಾನವನ್ನು ದೂರುವುದೂ ಸಲ್ಲದು. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ವ್ಯವಸ್ಥೆಯಲ್ಲಿ 64 ಸ್ಪೀಕರ್‌ಗಳವರೆಗೆ ಬೇರೆಬೇರೆಯಾಗಿ ಸದ್ದನ್ನು ಕಳುಹಿಸಬಹುದು, ತಲೆಯ ಮೇಲಿಂದಲೂ ಕೇಳಿಸಬಹುದು. ಅಂದರೆ ಹೆಂಚಿನ ಮೇಲೆ ಬಿದ್ದ ಒಂದು ಹನಿಯನ್ನು ನನ್ನ ಎಡಗಿವಿಯ ಮೇಲ್ಗಡೆ ತಂದು ನಿಲ್ಲಿಸುವ ಸಾಮರ್ಥ್ಯ ಇಂದಿನ ಚಿತ್ರ ಮಾಡುವವರ ಕೈಯಲ್ಲಿದೆ. ಹಳೆಯ ಚಿತ್ರಗಳ ಫಿಲ್ಮಿನ ಅಂಚಿನಲ್ಲಿ ಮುದ್ರಿಸಿದ ಧ್ವನಿಪಟ್ಟಿಗೆ ಒಂದು ಮಟ್ಟ ಮೀರಿದರೆ ಸದ್ದು ಒಡೆಯುವ, ತೀರ ತಗ್ಗಿದರೆ ಗೊರಗೊರ ಶಬ್ದದಲ್ಲಿ ಕಳೆದುಹೋಗುವ ಮಿತಿಯಿತ್ತು. ಪಿಸುಮಾತನ್ನು ಪಿಸುಮಾತಾಗಿಯೇ ಕೇಳಿಸುವ ಶಕ್ತಿ ಸಿಕ್ಕಿರುವುದು ಈಗ. ಈಗಲೇ ಪಿಸುಮಾತು ಸತ್ತುಹೋಗಿದೆ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಏಳೆಂಟು ವರ್ಷಗಳ ಹಿಂದೆ ಇದೇ ಜಾಲತಾಣದ ಗೋಡೆಯ ಮೇಲೆ ಚಿತ್ರವೊಂದರ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತದ ಬಗ್ಗೆ ನಾನೇ ಉದ್ದುದ್ದ ಹೊಗಳಿ ಬರೆದಿದ್ದೆ, ನಿಮ್ಮಲ್ಲಿ ಕೆಲವರು ಅದನ್ನು ಹಂಚಿಕೊಂಡಿದ್ದಿರಿ ಕೂಡ. ನಾಯಕ ಮೆಟ್ಟಿಲಿಳಿಯುವಾಗ ಮೈ ಜುಮ್ಮೆಂದಿತು ಎಂದು ಬರೆದದ್ದು ಸುಳ್ಳಲ್ಲ, ನಿಜವಾಗಿಯೂ ಜುಮ್ಮೆಂದಿತ್ತು. ಆದರೆ ಆ ಚಿತ್ರದ ಕಥೆ ಏನೆಂದು ಇಂದು ನನಗೆ ನೆನಪಿಲ್ಲ. ಇನ್ನೂ ಕಷ್ಟದ ಮಾತು ಹೇಳುತ್ತೇನೆ. ನಾನು ಚಿತ್ರಮಂದಿರದಲ್ಲಿ ಬೇಗ ಅಳುವವನು. ಅಪ್ಪ ಹೋದ ಮೇಲಂತೂ ತಂದೆ ಮಕ್ಕಳ ಯಾವ ದೃಶ್ಯ ಬಂದರೂ ತಡೆದುಕೊಳ್ಳುವುದು ಕಷ್ಟ. ನಿನ್ನೆಯೂ ಆ ಬಾಗಿಲ ದೃಶ್ಯದಲ್ಲಿ ಅತ್ತೆ. ಅವಳು ಏನು ಹೇಳಿದಳೆಂದು ತಿಳಿಯದೆಯೇ ಅತ್ತೆ. ಹೊರಗೆ ಬಂದು ಕಣ್ಣೊರೆಸಿಕೊಳ್ಳುವಾಗ ನನಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ಆ ಕಣ್ಣೀರು ಆ ಮಗಳಿಗಾಗಿ ಬಂದದ್ದಲ್ಲ, ಪಿಟೀಲುಗಳು ನನ್ನ ಒಳಗಿನ ಗಾಯವನ್ನು ಒತ್ತಿ ತೆಗೆದದ್ದು. ನನ್ನ ಅಪ್ಪನನ್ನು ನನ್ನ ಅನುಮತಿಯಿಲ್ಲದೆ ಅವರ ಚಿತ್ರಕ್ಕೆ ಬಳಸಿಕೊಂಡರು ಎನ್ನಿಸಿತು. ಅಪ್ಪ ಹೋದ ದಿನ ಆ ಕೋಣೆಯಲ್ಲಿ ಯಾವ ಸಂಗೀತವೂ ಇರಲಿಲ್ಲ. ಫ್ಯಾನು ತಿರುಗುತ್ತಿತ್ತು, ಯಾರೋ ಹೊರಗೆ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದರು. ಆ ನೀರಿನ ಸದ್ದು ಇಂದಿಗೂ ಎಲ್ಲಿಯಾದರೂ ಕೇಳಿದರೆ ನಿಂತುಬಿಡುತ್ತೇನೆ. ಸಾವನ್ನು ಚಿತ್ರಿಸುವವರು ಇದನ್ನೇಕೆ ನಂಬುವುದಿಲ್ಲ?

ಐದು ಚಿತ್ರಗಳಲ್ಲಿ ನಾಲ್ಕು ಎಂದಿದ್ದೆ. ಐದನೆಯದರ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೂರು ವಾರಗಳ ಹಿಂದೆ ನೋಡಿದ, ಹೆಸರು ಕೇಳಿರದ ನಟರ ಸಣ್ಣ ಚಿತ್ರ ಅದು. ನಮ್ಮ ಪ್ರದರ್ಶನದಲ್ಲಿ ಇಪ್ಪತ್ತು ಜನರೂ ಇರಲಿಲ್ಲ. ದೋಷಗಳಿಲ್ಲದ ಚಿತ್ರವೇನಲ್ಲ. ಮಧ್ಯಂತರದ ನಂತರ ಕಥೆ ಎಲ್ಲೆಲ್ಲೋ ಸುತ್ತುತ್ತದೆ, ಒಬ್ಬ ನಟನಿಗೆ ನಟನೆಯೇ ಬರುವುದಿಲ್ಲ. ಆದರೆ ಅದರಲ್ಲಿ ವಯಸ್ಸಾದ ಹೆಂಗಸೊಬ್ಬಳು ತಾನು ಐವತ್ತು ವರ್ಷ ಬಾಳಿದ ಮನೆಯನ್ನು ಮಾರಿ ಹೊರಡುವ ದೃಶ್ಯವೊಂದಿದೆ. ಕೋಣೆಯಿಂದ ಕೋಣೆಗೆ ಹೋಗಿ ಕಿಟಕಿಗಳನ್ನು ಮುಚ್ಚುತ್ತಾಳೆ. ಒಂದು ಕಿಟಕಿ ಬಿಗಿಯಾಗಿ ಕಿರುಗುಟ್ಟುತ್ತದೆ, ಅದಕ್ಕೆ ಅಂಗೈಯಿಂದ ಎರಡು ಪೆಟ್ಟು ಕೊಡುತ್ತಾಳೆ, ಎಲ್ಲಿ ಹೊಡೆದರೆ ಅದು ಕೂರುತ್ತದೆಂದು ಅವಳಿಗೆ ಗೊತ್ತು. ಸಂಗೀತವಿಲ್ಲ. ಹೊರಗಿನಿಂದ ಮಗ ಒಮ್ಮೆ ಕರೆಯುತ್ತಾನೆ, ಅವಳು ಉತ್ತರಿಸುವುದಿಲ್ಲ. ನಾಲ್ಕೈದು ನಿಮಿಷ ಇಷ್ಟೇ. ಚಿತ್ರಮಂದಿರದಲ್ಲಿ ಒಬ್ಬರೂ ಮೊಬೈಲ್ ತೆಗೆಯಲಿಲ್ಲ, ಒಬ್ಬರೂ ಕೆಮ್ಮಲಿಲ್ಲ. ಆ ದೃಶ್ಯದಲ್ಲಿ ಎಲ್ಲರಿಗೂ ಅವರವರ ಮನೆಯ ಕಿಟಕಿ ಕೇಳಿಸುತ್ತಿತ್ತು ಎಂದೇ ನನ್ನ ನಂಬಿಕೆ.

ಆ ದಿನ ಅಮ್ಮ ನನ್ನನ್ನು ಒಂದು ಮಾತೂ ಕೇಳಲಿಲ್ಲ. ತೋಳು ಹಿಡಿದು ಎಳೆಯಲಿಲ್ಲ. ಮನೆಗೆ ಬಂದ ಮೇಲೆ ಊಟಕ್ಕೆ ಕುಳಿತಾಗ ನನ್ನ ಹೆಂಡತಿಗೆ ಇಡೀ ಕಥೆಯನ್ನು, ಯಾರು ಯಾರಿಗೆ ಏನೆಂದರು ಎಂಬುದರ ಸಮೇತ, ಮೊದಲಿಂದ ಹೇಳಿದರು. ಕೊನೆಯ ದೃಶ್ಯಕ್ಕೆ ಬಂದಾಗ ಸ್ವಲ್ಪ ನಿಂತು, "ಹೊರಗೆ ಬಂದು ಬೀಗ ಹಾಕಿದಳಲ್ಲ, ಆಮೇಲೆ ಬಿದ್ದಿದೆಯೋ ಇಲ್ಲವೋ ಅಂತ ಒಂದು ಸಲ ಜಗ್ಗಿ ನೋಡಿದಳು ಕಣೇ" ಎಂದರು. "ಆ ಸದ್ದೂ ನನಗೆ ಕೇಳಿಸಿತು."